ನೀನರ್ಧ, ನಾನರ್ಧ: ಸಂಶೋಧನೆಗೂ ಸಂತೆಗೂ ನಡುವಿನ ದಾರಿ

(ಗೋಗಿಯಲ್ಲಿ ಯುವಕ ಯುವತಿಯರ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಗೋಗಿಯ ಹೆಸರು ಹೇಳಿದರೆ ಹೊರಗಿನವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಹಜರತ್ ಚಂದಾ ಹುಸೇನಿ ದರ್ಗಾ ಮತ್ತು ಅಲ್ಲಿ ಮಣ್ಣಾಗಿರುವ ಯೂಸುಫ್ ಆದಿಲ್ ಶಾ ಮೊದಲಾದ ವಿಜಾಪುರದ ಆರಂಭದ ಅರಸರು. ಇನ್ನೊಂದು, ನಮ್ಮ ನೆಲದಡಿಯ ಯುರೇನಿಯಂ. ಅದನ್ನು ಹುಡುಕಲು ವಿಜ್ಞಾನಿಗಳು ಬಂದರು, ನೆಲ ಕೊರೆದರು. ಗಣಿಯ ಪ್ರಸ್ತಾಪ ಬಂದಾಗ ನೀರಿನ ಗತಿಯೇನು, ಆರೋಗ್ಯದ ಗತಿಯೇನು ಎಂದು ಜನ ವಿರೋಧಿಸಿದರು. ಆ ಚರ್ಚೆ ಇವತ್ತಿನ ವಿಷಯವಲ್ಲ. ಆದರೆ ಒಂದು ಮಾತನ್ನು ಗಮನಿಸಿ: ವಿಜ್ಞಾನ ನಮ್ಮ ಊರಿಗೆ ಬಂದದ್ದು ನೆಲದ ಕೆಳಗಿನದನ್ನು ಕೇಳಿಕೊಂಡು. ನೆಲದ ಮೇಲೆ ಬೆಳೆಯುವ ತೊಗರಿಯನ್ನು ಕೇಳಿಕೊಂಡು ಬರುವ ವಿಜ್ಞಾನವೂ ಇದೆ. ಅದು ಪ್ರಯೋಗಾಲಯದಿಂದ ಸಣ್ಣ ಕಾರ್ಖಾನೆಗೆ ಹೇಗೆ ಬರುತ್ತದೆ, ಸರ್ಕಾರದ ಹಣ ಅದಕ್ಕೆ ಹೇಗೆ ದಾರಿಯಾಗುತ್ತದೆ, ಎಲ್ಲಿ ಆ ದಾರಿ ಕಡಿದುಹೋಗುತ್ತದೆ ಎಂಬುದನ್ನು ತಿಳಿದಷ್ಟು ಹೇಳುತ್ತೇನೆ. ನಾನು ವಿಜ್ಞಾನಿಯಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಸುದ್ದಿಗಾಗಿ ಊರೂರು ತಿರುಗುವ ವರದಿಗಾರ. ತಪ್ಪಿದ್ದರೆ ತಿದ್ದಿ.

ಅರಸರ ಕಾಲದಲ್ಲಿ ನೆರವು ಎಂದರೆ ಇನಾಮು. ಮೆಚ್ಚಿದರೆ ಕೊಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಲೆಕ್ಕವಿದೆ, ಅದು ಪಾಲು. ಹೊಲ ಒಬ್ಬನದು, ದುಡಿಮೆ ಇನ್ನೊಬ್ಬನದು, ಬೆಳೆ ಇಬ್ಬರದು. ಕುರಿಮರಿಯನ್ನು ಅರ್ಧ ಪಾಲಿಗೆ ಕೊಟ್ಟರೆ ಸಾಕಿದವನಿಗೂ ಅದರಲ್ಲಿ ಹಕ್ಕು ಬರುತ್ತದೆ. ಅಧಿಕಾರಿಗಳು ‘ಮ್ಯಾಚಿಂಗ್ ಗ್ರಾಂಟ್’ ಎನ್ನುವ ಸಮಪಾಲು ಅನುದಾನ ಈ ಪಾಲಿನ ಜಾತಿಯದು. ‘ನೀನು ಇಷ್ಟು ತಂದರೆ ನಾನು ಇಷ್ಟು ಕೂಡಿಸುತ್ತೇನೆ’ ಎಂಬ ಕರಾರು ಅದು. ಕೈಯಿಂದ ಹಣ ಹಾಕಿದವನು ಕೆಲಸವನ್ನು ನಡುವೆ ಬಿಟ್ಟು ಹೋಗುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ.

ಈ ಕರಾರು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿದ್ದೇ ಹೀಗೆ. ಜೆಮ್‌ಶೆಟ್‌ಜಿ ಟಾಟಾ ಅವರು ಬಿಟ್ಟುಹೋದ ಆಸ್ತಿಯಿಂದ ವರ್ಷಕ್ಕೆ 1,25,000 ರೂಪಾಯಿ. ಮೈಸೂರು ಸಂಸ್ಥಾನ 371 ಎಕರೆ ನೆಲದ ಜೊತೆಗೆ ವರ್ಷಕ್ಕೆ 50,000 ರೂಪಾಯಿ ಕೊಡಲು ಒಪ್ಪಿತು. ಅಂದಿನ ಭಾರತ ಸರ್ಕಾರ ಇವೆರಡರ ಮೊತ್ತದ ಅರ್ಧ, ಅಂದರೆ 87,500 ರೂಪಾಯಿ ಸೇರಿಸಿತು. ಮೂರು ಕೈ ಸೇರಿ ಒಂದು ಸಂಸ್ಥೆಯಾಯಿತು.

ಅಲ್ಲಿನ ಸಂಶೋಧನೆ ಮಾರುಕಟ್ಟೆಗೆ ಬಂದ ಕಥೆಯೂ ಸ್ವಾರಸ್ಯಕರ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತಿತು. ಕೊರಡುಗಳು ರಾಶಿ ಬಿದ್ದವು. ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ತೆಗೆಯುವ ವಿಧಾನವನ್ನು ಇಲ್ಲಿಯೇ ಪ್ರಯೋಗ ಮಾಡಿ ನೋಡಿದರು. ದಿವಾನ್ ವಿಶ್ವೇಶ್ವರಯ್ಯ ಮತ್ತು ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಅದರ ಬೆನ್ನಿಗೆ ನಿಂತರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ನಡೆಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳದ ಮೂಲ ಅಲ್ಲಿದೆ. ಇಲ್ಲಿ ಸರ್ಕಾರವೇ ಹಣ ಹೂಡಿತು, ಸರ್ಕಾರವೇ ಮಾಲೀಕನಾಯಿತು, ನಷ್ಟದ ಭಯವನ್ನೂ ಸರ್ಕಾರವೇ ಹೊತ್ತಿತು. ಸಣ್ಣ ಉದ್ಯಮಿಗೆ ಆ ಭಯವನ್ನು ಹೊತ್ತುಕೊಡುವವರು ಯಾರು? ನಮ್ಮ ಪ್ರಶ್ನೆ ಇದು.

ಈಗ ತೊಗರಿಗೆ ಬರೋಣ. ತೊಗರಿ ಕಾಳಿನ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನಂಥ ಪದರವಿದೆ. ಅದು ಬಿಡದಿದ್ದರೆ ಬೇಳೆ ಒಡೆದು ನುಚ್ಚಾಗುತ್ತದೆ. ಹಳೆಯ ಪದ್ಧತಿಯಲ್ಲಿ ಕಾಳಿಗೆ ಗೀರು ಹಾಕಿ, ಎಣ್ಣೆ ಸವರಿ, ನೀರು ಚಿಮುಕಿಸಿ, ದಿನಗಟ್ಟಲೆ ಬಿಸಿಲಿಗೆ ಹಾಕಬೇಕು. ಮೋಡ ಕವಿದರೆ ಕೆಲಸ ನಿಂತಿತು. ನೂರು ಕಿಲೋ ತೊಗರಿಯಲ್ಲಿ ಸುಮಾರು 85 ಕಿಲೋ ಬೇಳೆ ಇರುತ್ತದೆ, ಆದರೆ ಹಳೆಯ ವಿಧಾನದಲ್ಲಿ ಕೈಗೆ ಸಿಗುವುದು 70ರಿಂದ 75 ಕಿಲೋ. ಉಳಿದದ್ದು ನುಚ್ಚು, ಹಿಟ್ಟು, ಹೊಟ್ಟು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಈ ಸಮಸ್ಯೆಯನ್ನು ಕೈಗೆತ್ತಿಕೊಂಡಿತು. ಬಿಸಿಲಿನ ಬದಲು ಬಿಸಿ ಗಾಳಿಯಿಂದ ಸಿಪ್ಪೆ ಸಡಿಲಿಸುವ ವಿಧಾನವನ್ನು ರೂಪಿಸಿತು. ಹಳ್ಳಿಯ ಅಳತೆಗೆ ಹೊಂದುವ ಮಿನಿ ಬೇಳೆ ಗಿರಣಿಯನ್ನೂ ತಯಾರಿಸಿತು.

ಹಾಗಾದರೆ ಸಂಶೋಧನೆ ಇದೆ. ಬೆಳೆಯೂ ಇದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೂ ನಮ್ಮ ಮನೆಯಲ್ಲಿ ನಡೆಯುವುದೇನು? ಸುಗ್ಗಿಯಲ್ಲಿ ಕಾಳು ಮಾರುತ್ತೇವೆ, ಮಳೆಗಾಲದಲ್ಲಿ ಅಂಗಡಿಯಿಂದ ಬೇಳೆ ತರುತ್ತೇವೆ. ಎರಡು ದರಗಳ ನಡುವಿನ ಹಣ ಊರು ಬಿಟ್ಟು ಹೋಗಿರುತ್ತದೆ.

ಪ್ರಯೋಗಾಲಯದಲ್ಲಿ ಗೆದ್ದ ಯಂತ್ರ ಸಂತೆಯಲ್ಲಿ ಗೆಲ್ಲಬೇಕಾದರೆ ನಡುವೆ ಒಂದು ಹಳ್ಳ ದಾಟಬೇಕು. ಮೊದಲ ಯಂತ್ರ ಕಟ್ಟಬೇಕು. ಅದು ಕೆಡುತ್ತದೆ, ತಿದ್ದಬೇಕು. ನಮ್ಮ ಕಾಳಿನ ಗಾತ್ರಕ್ಕೆ, ನಮ್ಮ ವಿದ್ಯುತ್ತಿನ ಏರಿಳಿತಕ್ಕೆ ಹೊಂದಿಸಬೇಕು. ಆ ತಿಂಗಳುಗಳಲ್ಲಿ ಆದಾಯವಿಲ್ಲ. ಸಂಶೋಧನಾ ಸಂಸ್ಥೆಗೆ ಅದು ಮುಗಿದ ಕೆಲಸ, ಬ್ಯಾಂಕಿಗೆ ಇನ್ನೂ ಆರಂಭವಾಗದ ಕೆಲಸ.

ಅಮೆರಿಕದಲ್ಲಿ ಈ ಹಳ್ಳಕ್ಕೆ ಸೇತುವೆ ಕಟ್ಟಲು 1982ರಲ್ಲಿ ಒಂದು ಕಾನೂನೇ ಬಂತು. ದೊಡ್ಡ ಸಂಶೋಧನಾ ಬಜೆಟ್ ಇರುವ ಸರ್ಕಾರಿ ಇಲಾಖೆಗಳು ಅದರ ಒಂದು ಸಣ್ಣ ಭಾಗವನ್ನು ಚಿಕ್ಕ ಕಂಪನಿಗಳಿಗೆ ಕೊಡಬೇಕೆಂಬ ನಿಯಮ. ಮೊದಲ ಹಂತ, ಇದು ಸಾಧ್ಯವೇ ಎಂದು ನೋಡುವುದು. ಎರಡನೆಯದು, ಅಭಿವೃದ್ಧಿಪಡಿಸುವುದು. ಮೂರನೆಯ ಹಂತದಲ್ಲಿ, ಅಂದರೆ ಮಾರುಕಟ್ಟೆಗೆ ಒಯ್ಯುವಾಗ, ಈ ಯೋಜನೆಯ ಹಣವಿಲ್ಲ. ಮುಂದೆ ಕೆಂಟುಕಿ, ಉತ್ತರ ಕೆರೊಲಿನಾದಂಥ ರಾಜ್ಯಗಳು ಒಂದು ಜಾಣ ಉಪಾಯ ಮಾಡಿದವು. ಕೇಂದ್ರದ ಅನುದಾನ ಗೆದ್ದ ತಮ್ಮ ರಾಜ್ಯದ ಕಂಪನಿಗೆ ತಮ್ಮ ಕಡೆಯಿಂದಲೂ ಹಣ ಸೇರಿಸಿದವು. ಯಂತ್ರ ಒಳ್ಳೆಯದೋ ಕೆಟ್ಟದೋ ಎಂಬ ಪರೀಕ್ಷೆಯನ್ನು ಕೇಂದ್ರದ ತಜ್ಞರು ಆಗಲೇ ಮಾಡಿರುತ್ತಾರೆ. ರಾಜ್ಯಕ್ಕೆ ಆ ಖರ್ಚು ಉಳಿಯಿತು, ಕಂಪನಿಯೂ ಊರು ಬಿಡಲಿಲ್ಲ.

ನಮ್ಮಲ್ಲಿಯೂ ಪ್ರಯತ್ನಗಳು ನಡೆದಿವೆ. 1996ರಲ್ಲಿ ಸ್ಥಾಪನೆಯಾದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಯೋಜನಾ ವೆಚ್ಚದ ಅರ್ಧದವರೆಗೆ ಸುಲಭ ಬಡ್ಡಿಯ ಸಾಲ ಕೊಡುವ ಕ್ರಮ ತಂದಿತು. 2005ರಲ್ಲಿ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ ಸಣ್ಣ ಉದ್ಯಮಗಳ ಸಂಶೋಧನೆಗೆಂದೇ ಯೋಜನೆ ಆರಂಭಿಸಿತು. ನಮ್ಮ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೇ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ನೀಡುತ್ತ ಬಂದಿದೆ. 2017ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಎಲಿವೇಟ್’ ಯೋಜನೆಯಲ್ಲಿ ಆಯ್ಕೆಯಾದ ಹೊಸ ಕಂಪನಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ. ಅದಕ್ಕೆ ಬದಲಾಗಿ ಸರ್ಕಾರ ಕಂಪನಿಯ ಷೇರು ಕೇಳುವುದಿಲ್ಲ.

ಇವುಗಳಲ್ಲಿ ಹಳ್ಳಿಗೆ ಅತಿ ಹತ್ತಿರ ಬಂದದ್ದು 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ. ಅದರ ಲೆಕ್ಕ ನೋಡಿ. ಘಟಕದ ವೆಚ್ಚದ ಶೇ 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ. ಕರ್ನಾಟಕ ಅದಕ್ಕೆ ತನ್ನದೇ ಆದ ಶೇ 15 ಸೇರಿಸಿ ಒಟ್ಟು ಶೇ 50, ಹೆಚ್ಚೆಂದರೆ 15 ಲಕ್ಷ ರೂಪಾಯಿ ಮಾಡಿತು. 10 ಲಕ್ಷ ರೂಪಾಯಿಯ ಬೇಳೆ ಗಿರಣಿ ಹಾಕುವವನಿಗೆ 5 ಲಕ್ಷ ಸಹಾಯಧನವೆಂದಾಯಿತು. ಕೇಳಲು ಎಷ್ಟು ಚೆನ್ನಾಗಿದೆ!

ಆದರೆ ಈ ಹಣ ಮೊದಲು ಕೈಗೆ ಬರುವುದಿಲ್ಲ. ಮೊದಲು ಉದ್ಯಮಿ ತನ್ನ ಕೈಯಿಂದ ಕನಿಷ್ಠ ಶೇ 10, ಅಂದರೆ 1 ಲಕ್ಷ ರೂಪಾಯಿ ತೋರಿಸಬೇಕು. ಉಳಿದ 9 ಲಕ್ಷಕ್ಕೆ ಬ್ಯಾಂಕು ಸಾಲ ಕೊಡಲು ಒಪ್ಪಬೇಕು. ಸಹಾಯಧನ ಸಾಲದ ಖಾತೆಯ ಪಕ್ಕದಲ್ಲಿ ಕೂರುತ್ತದೆ, ಮೂರು ವರ್ಷ ಕಂತು ಸರಿಯಾಗಿ ಕಟ್ಟಿದರೆ ಸಾಲಕ್ಕೆ ಜಮೆಯಾಗುತ್ತದೆ. ಸಾರ್ವಜನಿಕ ಹಣ ಪೋಲಾಗಬಾರದೆಂದು ಮಾಡಿದ ನಿಯಮ ಇದು. ತಪ್ಪೆನ್ನಲಾಗದು. ಆದರೂ ಸರ್ಕಾರದ ಪಾಲಿನ ಬಾಗಿಲಿನ ಬೀಗದ ಕೈ ಬ್ಯಾಂಕಿನ ಜೇಬಿನಲ್ಲಿ ಉಳಿಯಿತು.

ಸುದ್ದಿಗೆಂದು ತಿರುಗುವಾಗ ಒಬ್ಬ ಯುವಕ ಸಿಕ್ಕಿದ್ದ. ಕಾಳಿನಿಂದ ಕಲ್ಲು ಬೇರ್ಪಡಿಸುವ ಯಂತ್ರವನ್ನು ಹಳೆಯ ಮೋಟರ್ ಕಟ್ಟಿ ತಾನೇ ಮಾಡಿಕೊಂಡಿದ್ದ. ಎರಡು ಸುಗ್ಗಿ ಅಕ್ಕಪಕ್ಕದವರ ಕಾಳು ಹಸನು ಮಾಡಿ ಕೊಟ್ಟಿದ್ದ. ಸಾಲ ಕೇಳಲು ಹೋದಾಗ ‘ನಿಮ್ಮ ಪಾಲಿನ ಹಣ ಎಲ್ಲಿ?’ ಎಂದು ಕೇಳಿದರಂತೆ. ‘ಎರಡು ವರ್ಷ ಹಾಕೀನಲ್ರೀ’ ಎಂದನಂತೆ. ಅದನ್ನು ಬರೆದುಕೊಳ್ಳುವ ಕಾಲಂ ಅರ್ಜಿಯಲ್ಲಿ ಇರಲಿಲ್ಲ.

ಆ ಮಾತು ನನ್ನ ತಲೆಯಲ್ಲಿ ಉಳಿದಿದೆ. ನಮ್ಮ ಹಳ್ಳಿಯ ಪಾಲಿನ ಲೆಕ್ಕದಲ್ಲಿ ದುಡಿಮೆಯೂ ಅರ್ಧ. ಸರ್ಕಾರದ ಲೆಕ್ಕದಲ್ಲಿ ನಗದು ಮಾತ್ರ ಅರ್ಧ. ಹೀಗಾದರೆ ಸಮಪಾಲು ಅನುದಾನ ಈಗಾಗಲೇ ಹಣವಿರುವವರಿಗೆ ಇನ್ನಷ್ಟು ಹಣ ಕೂಡಿಸುವ ಯೋಜನೆಯಾಗಿಬಿಡುತ್ತದೆ. ಮೈಸೂರು ಸಂಸ್ಥಾನ ನಗದಿನ ಜೊತೆ ನೆಲವನ್ನೂ ಕೊಟ್ಟಿತ್ತಲ್ಲ? ಅದನ್ನು ಯಾರೂ ಪಾಲಲ್ಲ ಎನ್ನಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಎರಡು ಕೆಲಸ ಆಗಬೇಕು. ಮೊದಲನೆಯದು, ಪರೀಕ್ಷೆಗೆ ನಿಂತ ಯಂತ್ರ, ಅದರ ಮೇಲೆ ಸುರಿದ ದುಡಿಮೆ ಇವುಗಳಿಗೆ ಬೆಲೆ ಕಟ್ಟಿ ಅದನ್ನು ಉದ್ಯಮಿಯ ಪಾಲೆಂದು ಒಪ್ಪಬೇಕು. ಬೆಲೆ ಕಟ್ಟುವವರು ದೂರದಲ್ಲಿಲ್ಲ. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ‘ಈ ಯಂತ್ರ ನಡೆಯುತ್ತದೆ, ನೂರು ಕಿಲೋಗೆ ಇಷ್ಟು ಬೇಳೆ ಬರುತ್ತದೆ’ ಎಂದು ಅವರು ಬರೆದುಕೊಟ್ಟರೆ ಬ್ಯಾಂಕಿಗೂ ಧೈರ್ಯ ಬರುತ್ತದೆ. ಅಮೆರಿಕದ ರಾಜ್ಯಗಳು ಕೇಂದ್ರದ ತಜ್ಞರ ಮಾತನ್ನು ನಂಬಿದ ಹಾಗೆ. ಎರಡನೆಯದು, ಮೊದಲ ಯಂತ್ರ ಕಟ್ಟುವ ಹಂತಕ್ಕೆ ಬ್ಯಾಂಕಿನ ನಂಟಿಲ್ಲದ ಸಣ್ಣ ಮೊತ್ತ ಮುಂಗಡವಾಗಿ ಬರಬೇಕು. ಸಂವಿಧಾನದ 371 (ಜೆ) ವಿಧಿಯಿಂದ ನಮ್ಮ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಸಿಕ್ಕಿದೆ. ರಸ್ತೆ, ಕಟ್ಟಡಗಳ ಜೊತೆ ಇದಕ್ಕೂ ಅಲ್ಲಿ ಒಂದು ಪಾಲು ಇರಲಿ ಎಂದು ಕೇಳುವುದು ತಪ್ಪಲ್ಲ.

ನಿಮಗೂ ಒಂದು ಮಾತು. ಯಂತ್ರ ಮಾಡಿದವರು ದಿನಾಂಕ ಹಾಕಿ ಬರೆದಿಡಿ. ಎಷ್ಟು ಕಾಳು ಹಾಕಿದಿರಿ, ಎಷ್ಟು ಬೇಳೆ ಬಂತು, ಎಷ್ಟು ನುಚ್ಚಾಯಿತು, ಎಲ್ಲಿ ಕೆಟ್ಟಿತು ಎಂಬುದೆಲ್ಲ ವಹಿಯಲ್ಲಿರಲಿ. ಒಬ್ಬರಿಗೆ ಶೇ 10 ಭಾರವಾದರೆ ಹತ್ತು ಜನ ಸೇರಿ. ಸ್ತ್ರೀಶಕ್ತಿ ಗುಂಪುಗಳು ಉಳಿತಾಯದಲ್ಲಿ ಇದನ್ನು ಮಾಡಿ ತೋರಿಸಿವೆ. ಕಾಲಂ ಇಲ್ಲದ ಅರ್ಜಿಗೆ ಆ ವಹಿಯನ್ನು ಲಗತ್ತಿಸಿ. ಇವತ್ತಲ್ಲ ನಾಳೆ ಯಾರಾದರೂ ಓದಲೇಬೇಕಾಗುತ್ತದೆ.