ಹಳೆಯ ಎಂಜಿನ್ನಿನ ಹಗುರ ಲೋಹ



ಪ್ರಯೋಗಾಲಯದಲ್ಲಿ ಮೆಗ್ನೀಸಿಯಂ ಪಟ್ಟಿ ಉರಿಸಿದ್ದು ನಿಮಗೆ ನೆನಪಿರಬಹುದು. ಕಣ್ಣು ಕೋರೈಸುವ ಬೆಳಕು. ಕೊನೆಗೆ ಉಳಿಯುವುದು ಬಿಳಿಯ ಪುಡಿ. ಇದೇ ಲೋಹದಿಂದ ಎಂಜಿನ್ನಿನ ಭಾಗಗಳನ್ನೂ ಎರಕ ಹೊಯ್ಯುತ್ತಾರೆ ಎಂದರೆ ನಂಬುತ್ತೀರಾ?

ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನೇ ತೆಗೆದುಕೊಳ್ಳಿ. ಅದರ ಎಂಜಿನ್ನು ಇದ್ದದ್ದು ಹಿಂಭಾಗದಲ್ಲಿ. ಭಾರ ಕಡಿಮೆಯಾಗಲೆಂದು ಕ್ರ್ಯಾಂಕ್‌ಕೇಸನ್ನು ಮೆಗ್ನೀಸಿಯಂ ಮಿಶ್ರಲೋಹದಿಂದ ತಯಾರಿಸಿದರು. ಒಂದು ಘನ ಸೆಂಟಿಮೀಟರ್ ಮೆಗ್ನೀಸಿಯಂ ಸುಮಾರು 1.7 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7, ಕಬ್ಬಿಣ 7.9 ಗ್ರಾಂ ತೂಗುತ್ತವೆ. 2003ರಲ್ಲಿ ಮೆಕ್ಸಿಕೋದಲ್ಲಿ ತಯಾರಿಕೆ ನಿಲ್ಲುವವರೆಗೆ ಎರಡು ಕೋಟಿಗೂ ಹೆಚ್ಚು ಬೀಟಲ್‌ಗಳು ಹೊರಬಂದವು. ಅವುಗಳ ಸವೆದ ಕ್ರ್ಯಾಂಕ್‌ಕೇಸುಗಳನ್ನು ಏನು ಮಾಡಬೇಕು?

ಮೊದಲ ದಾರಿ ದುರಸ್ತಿ. ಬೇರಿಂಗ್ ಕೂರುವ ರಂಧ್ರಗಳನ್ನು ಒಂದೇ ನೇರಕ್ಕೆ ಕೊರೆದು, ದೊಡ್ಡ ಅಳತೆಯ ಬೇರಿಂಗ್ ಕೂರಿಸುತ್ತಾರೆ. ಥ್ರೆಡ್ ಕಿತ್ತುಹೋದ ಕಡೆ ಉಕ್ಕಿನ ಬುಷ್ ಹಾಕುತ್ತಾರೆ. ಹೀಗೆ ಹಳೆಯ ಎಂಜಿನ್ನು ಮತ್ತೆ ಓಡುತ್ತದೆ.

ದುರಸ್ತಿಗೆ ಬಾರದಿದ್ದರೆ ಎರಡನೆಯ ದಾರಿ, ಕರಗಿಸುವುದು. ಅದಿರಿನಿಂದ ಹೊಸ ಲೋಹ ತೆಗೆಯಲು ಬೇಕಾಗುವ ಶಕ್ತಿಯ ಅಲ್ಪ ಭಾಗ ಇದಕ್ಕೆ ಸಾಕು. ಆದರೆ ಕರಗಿದ ಮೆಗ್ನೀಸಿಯಂ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಲವಣದ ಪದರ ಅಥವಾ ರಕ್ಷಕ ಅನಿಲದ ಅಡಿಯಲ್ಲೇ ಕರಗಿಸಬೇಕು. ಇದು ಬೀದಿಯ ಕುಲುಮೆಯ ಕೆಲಸವಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ದಪ್ಪ ತುಂಡಿಗೆ ಬೆಂಕಿ ಸುಲಭವಾಗಿ ಹತ್ತದು. ಶಾಖ ಲೋಹದ ತುಂಬ ಹರಡಿಹೋಗುತ್ತದೆ. ಆದರೆ ಗರಗಸದಿಂದ ಉದುರುವ ಹುಡಿಗೆ ಒಂದು ಕಿಡಿ ಸಾಕು. ಆಗ ಗಾಬರಿಯಿಂದ ನೀರು ಸುರಿದರೆ? ಉರಿಯುವ ಮೆಗ್ನೀಸಿಯಂ ನೀರಿನಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತದೆ; ಬಿಡುಗಡೆಯಾದ ಜಲಜನಕವೂ ಉರಿಯತೊಡಗುತ್ತದೆ. 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಪಂದ್ಯದಲ್ಲಿ ಅಪಘಾತಕ್ಕೀಡಾದ ಕಾರಿನ ಹೊರಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ಸುರಿದ ನೀರಿನಿಂದ ಅದರ ಬೆಂಕಿ ಇನ್ನಷ್ಟು ಭುಗಿಲೆದ್ದಿತು. ಇಂಗಾಲದ ಡೈಆಕ್ಸೈಡ್ ಕೂಡ ಈ ಬೆಂಕಿಯನ್ನು ಆರಿಸದು. ಲೋಹದ ಬೆಂಕಿಗೆಂದೇ ತಯಾರಿಸಿದ ಒಣ ಪುಡಿಯೇ ಬೇಕು.

ಈ ಲೋಹವನ್ನು ಗುರುತಿಸುವುದು ಹೇಗೆ? ಸ್ಟುಡಿಯೋದಲ್ಲಿ ಒಂದೇ ಅಳತೆಯ ಎರಡು ತುಂಡುಗಳ ಮೇಲೆ ಒಂದೊಂದು ಹನಿ ವಿನೆಗರ್ ಬಿಟ್ಟು ತೋರಿಸಿದೆವು. ಅಲ್ಯೂಮಿನಿಯಂ ಸುಮ್ಮನಿತ್ತು; ಮೆಗ್ನೀಸಿಯಂ ಮೇಲೆ ಕೂಡಲೇ ಗುಳ್ಳೆಗಳೆದ್ದವು. ಅದು ಜಲಜನಕ. ಅಧ್ಯಾಪಕರ ಎದುರಿನಲ್ಲಿ ನೀವೂ ಮಾಡಿ ನೋಡಿ.

ನೋಡಲು ಎರಡೂ ಒಂದೇ ಬಣ್ಣ. ಅಲ್ಯೂಮಿನಿಯಂ ಎಂದುಕೊಂಡೇ ಗುಜರಿಯಲ್ಲಿ ಇದನ್ನು ಕತ್ತರಿಸುವವರಿರಬಹುದು. ಪರಿಚಯದವರಿದ್ದರೆ ಅವರಿಗೆ ಎರಡೇ ಮಾತು ಹೇಳಿ: ಇದನ್ನು ಬೇರೆಯಾಗಿ ಒಣಗಿದ ಜಾಗದಲ್ಲಿಡಿ; ಬೆಂಕಿ ಬಿದ್ದರೆ ನೀರು ಹಾಕಬೇಡಿ.