ಹಾಲು ಬಿಟ್ಟ ಮಗಳ ತಟ್ಟೆ



ಪುಣೆಗೆ ಬಂದು ನೆಲೆಸಿದ ನಮ್ಮ ಕನ್ನಡ ಮನೆಗಳಲ್ಲಿ ಏನೇ ಬದಲಾದರೂ ಒಂದು ಮಾತ್ರ ಬದಲಾಗಿಲ್ಲ. ಊಟದ ಕೊನೆಗೆ ಮೊಸರನ್ನ. ಅದಿಲ್ಲದೆ ಎದ್ದರೆ ಊಟ ಮುಗಿದಂತೆಯೇ ಅಲ್ಲ. ಅಂಥ ಮನೆಯಲ್ಲಿ ಹದಿನಾರು ವರ್ಷದ ಮಗಳು ಒಂದು ರಾತ್ರಿ ಮೊಸರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, "ಇವತ್ತಿನಿಂದ ನಾನು ವೀಗನ್" ಎಂದರೆ ಏನಾಗುತ್ತದೆ, ನೀವೇ ಊಹಿಸಿಕೊಳ್ಳಿ.

ಕೊತ್ರೂಡಿನ ನನ್ನ ಪರಿಚಯದ ಮನೆಯೊಂದರಲ್ಲಿ ನಿಜವಾಗಿಯೂ ಹೀಗಾಯಿತು. ಅಪ್ಪನಿಗೆ ಸಿಟ್ಟು ಬಂತು, ಅಮ್ಮನಿಗೆ ಚಿಂತೆ ಹತ್ತಿತು. ಧಾರವಾಡದಿಂದ ಬಂದಿದ್ದ ಅಜ್ಜಿ ಮಾತ್ರ ಶಾಂತವಾಗಿ ಕೇಳಿದರು: "ಅಲ್ಲವಾ, ಹಾಲು ಹಿಂಡಿದ್ರ ಆಕಳಿಗೆ ಏನ್ ತ್ರಾಸ ಆಗ್ತದ? ಕರು ಕುಡದು ಉಳದದ್ದಲ್ಲೇನು ನಾವು ತಗೋಳೋದು?" ಮೊಮ್ಮಗಳು ಅಷ್ಟೇ ಶಾಂತವಾಗಿ ಹೇಳಿದಳಂತೆ: "ಅಜ್ಜಿ, ಅದು ನಿಮ್ಮ ಕೊಟ್ಟಿಗಿ ಕಥಿ. ನಾವು ತರೋದು ಪಾಕೀಟಿನ ಹಾಲು. ಆ ಕರು ಎಲ್ಲಿ ಹೋತು, ನಿಮಗೆ ಗೊತ್ತದ ಏನು?"

ಅಜ್ಜಿಗೆ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆದ್ದರಿಂದ ಹಾಲು ಕುಡಿಯುವುದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇವತ್ತು ಹೋಗುವುದಿಲ್ಲ. ಮಗು ನಿರ್ಧಾರ ಮಾಡಿಯಾಗಿದೆ, ಬಯ್ದರೆ ಬಿಡುವ ವಯಸ್ಸೂ ಅಲ್ಲ. ಇನ್ನು ಅವಳ ತಟ್ಟೆಯಲ್ಲಿ ಏನಿರಬೇಕು? ಮಾತಾಡಬೇಕಾದದ್ದು ಅದರ ಬಗ್ಗೆ.

ವೀಗನ್ ಎಂಬ ಶಬ್ದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಮಾಂಸ, ಮೊಟ್ಟೆಯ ಜೊತೆಗೆ ಹಾಲನ್ನೂ ಬಿಟ್ಟವರಿಗೆ ಈ ಹೆಸರು ಕೊಟ್ಟು ಒಂದು ಸಂಘ ಕಟ್ಟಿದರು. ಹಾಗೆಂದು ಇದು ಬರೀ ವಿಲಾಯತಿ ಹುಚ್ಚು ಎಂದು ತಳ್ಳಿಹಾಕುವ ಹಾಗಿಲ್ಲ. ಗಾಂಧೀಜಿ 1912ರಲ್ಲೇ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಬಿಟ್ಟಿದ್ದರು. 1918ರಲ್ಲಿ ಕಾಯಿಲೆ ಬಿದ್ದು ಪ್ರಾಣಕ್ಕೇ ಸಂಚಕಾರ ಬಂದಿತ್ತು. ಕೊನೆಗೆ ಕಸ್ತೂರಬಾ ಅವರ ಮಾತಿಗೆ ಒಪ್ಪಿ ಆಡಿನ ಹಾಲು ಕುಡಿದರು. ವ್ರತ ಮುರಿದೆನೆಂಬ ನೋವು ಅವರಿಗೆ ಇದ್ದೇ ಇತ್ತು. ಹಾಲಿಗೆ ಬದಲಾಗಿ ನಿಲ್ಲಬಲ್ಲ ಸಸ್ಯಾಹಾರ ಯಾವುದಾದರೂ ಇದ್ದರೆ ತಿಳಿಸಿ ಎಂದು ಅವರು ಬಲ್ಲವರನ್ನು ಕೇಳುತ್ತಲೇ ಇದ್ದರು. ಆ ಪ್ರಶ್ನೆಗೆ ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದು 1948ರಲ್ಲಿ, ಅವರು ತೀರಿಕೊಂಡ ವರ್ಷ. ಬಿ12 ಎಂಬ ಜೀವಸತ್ವವನ್ನು ವಿಜ್ಞಾನಿಗಳು ಬೇರ್ಪಡಿಸಿ ತೆಗೆದದ್ದು ಆಗಲೇ.

ಈ ಬಿ12 ವಿಷಯದಲ್ಲಿ ನಮ್ಮ ಪುಣೆಗೆ ಒಂದು ವಿಶೇಷ ಸ್ಥಾನವಿದೆ. ರಾಸ್ತಾಪೇಟೆಯ ಕೆ.ಇ.ಎಂ. ಆಸ್ಪತ್ರೆಯನ್ನು ನೀವು ನೋಡಿರುತ್ತೀರಿ. ಅಲ್ಲಿಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಆಹಾರವನ್ನೂ ಅವರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನೂ ಗಮನಿಸತೊಡಗಿದರು. ಆ ತಾಯಂದಿರಲ್ಲಿ ಬಹಳ ಮಂದಿಗೆ ಬಿ12 ಕಡಿಮೆ ಇತ್ತು. ಮಕ್ಕಳು ಆರು ವರ್ಷದವರಾದಾಗ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿ ಜಗತ್ತಿನ ಗಮನ ಸೆಳೆಯಿತು. ತಾಯಿಯಲ್ಲಿ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ಕಡೆ, ಮಗುವಿನ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣ ಹೆಚ್ಚು ಕಂಡಿತ್ತು. ಅಂದರೆ ಮುಂದೆ ಸಕ್ಕರೆ ಕಾಯಿಲೆಯ ದಾರಿ.

ಪೇಟೆಯವರ ಸ್ಥಿತಿ ಇದಕ್ಕಿಂತ ಮೇಲಿರಬಹುದು ಅಂದುಕೊಂಡಿರಾ? ಅದೇ ತಂಡ ಹಳ್ಳಿ, ಕೊಳೆಗೇರಿ ಮತ್ತು ಪುಣೆಯ ಮಧ್ಯಮ ವರ್ಗದ 441 ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಒಟ್ಟಾರೆ 100ಕ್ಕೆ 67 ಮಂದಿಗೆ ಬಿ12 ಕಡಿಮೆ. ಮಧ್ಯಮ ವರ್ಗದವರಲ್ಲಿ 100ಕ್ಕೆ 81! ಇವರು ಯಾರೂ ವೀಗನ್ ವ್ರತ ಹಿಡಿದವರಲ್ಲ. ನಮ್ಮ ನಿಮ್ಮ ಹಾಗೆ ಚಹಾ ಕುಡಿದು, ಮೊಸರು ಉಂಡು ಬದುಕಿದವರು.

ಇದರ ಅರ್ಥ ಏನು? ಬಿ12 ನಮ್ಮ ಯಕೃತ್ತಿನಲ್ಲಿ ಬ್ಯಾಂಕಿನ ಠೇವಣಿ ಇದ್ದ ಹಾಗೆ ಇರುತ್ತದೆ. ಮಾಂಸ, ಮೊಟ್ಟೆ ತಿಂದು ಬೆಳೆದ ವಿದೇಶದ ಹುಡುಗಿ ವೀಗನ್ ಆದರೆ ಆ ಠೇವಣಿ ಕೆಲವು ವರ್ಷ ನಡೆಯುತ್ತದೆ. ನಮ್ಮ ಹುಡುಗಿ ಹಾಲು ಬಿಡುವ ಹೊತ್ತಿಗೆ ಅವಳ ಖಾತೆಯಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು! ಆದ್ದರಿಂದ ಅಂತರ್ಜಾಲದಲ್ಲಿ ಯಾರೋ ಅಮೆರಿಕದವರು "ನಾನು ಮೂರು ವರ್ಷದಿಂದ ಏನೂ ಮಾತ್ರೆ ತಗೊಂಡಿಲ್ಲ, ಆರಾಮಾಗಿದ್ದೇನೆ" ಎಂದು ಬರೆದದ್ದನ್ನು ನಂಬಿ ಕೂರಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಬಿ12, ಸಾಧ್ಯವಾದರೆ ಡಿ ಜೀವಸತ್ವ.

ಬಿ12 ಅನ್ನು ತಯಾರಿಸುವುದು ಸೂಕ್ಷ್ಮಜೀವಿಗಳು, ಗಿಡಗಳಲ್ಲ. ಇಡ್ಲಿ ಹಿಟ್ಟು ಹುದುಗಿದೆ, ಅದರಲ್ಲಿ ಸಿಗುತ್ತದೆ ಎಂಬ ಮಾತನ್ನು ನಾನೂ ಕೇಳಿದ್ದೇನೆ. ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಸ್ಪಿರುಲಿನಾ ಪುಡಿಯಲ್ಲಿ ಇರುವುದು ಹೆಚ್ಚಾಗಿ ಬಿ12ರಂತೆ ಕಾಣುವ, ಆದರೆ ನಮ್ಮ ಮೈಗೆ ಕೆಲಸಕ್ಕೆ ಬಾರದ ವಸ್ತು. ಮಾತ್ರೆಯೇ ದಾರಿ. ವೀಗನ್‌ಗಳ ಇಂಗ್ಲೆಂಡಿನ ಸಂಘವೇ ತನ್ನ ಸದಸ್ಯರಿಗೆ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ ಕನಿಷ್ಠ 2000 ಮೈಕ್ರೋಗ್ರಾಂ ತೆಗೆದುಕೊಳ್ಳಲು ಹೇಳುತ್ತದೆ. ರಕ್ತದಲ್ಲಿ ಈಗಾಗಲೇ ಕೊರತೆಯಿದ್ದರೆ ಪ್ರಮಾಣವನ್ನು ವೈದ್ಯರು ಹೇಳಬೇಕು. ಇಂಜೆಕ್ಷನ್ ಬೇಕಾದರೂ ಬೇಕಾದೀತು. ಮಾತ್ರೆ ದುಬಾರಿಯೂ ಅಲ್ಲ. ಮಗಳು "ಮಾತ್ರೆಯಲ್ಲಿ ಪ್ರಾಣಿಜನ್ಯ ಏನಾದರೂ ಇದೆಯೇ" ಎಂದು ಕೇಳಿದರೆ ನಗಬೇಡಿ, ಪ್ರಶ್ನೆ ಸರಿಯಾದದ್ದೇ. ಬಿ12 ಅನ್ನು ಸೂಕ್ಷ್ಮಜೀವಿಗಳಿಂದಲೇ ತಯಾರಿಸುತ್ತಾರೆ. ಆದರೆ ಕ್ಯಾಪ್ಸೂಲಿನ ಹೊರಕವಚ ಜಿಲೆಟಿನ್ ಇರಬಹುದು. ಮಾತ್ರೆಯ ರೂಪದಲ್ಲಿ ಕೊಡಿ ಎಂದು ಔಷಧ ಅಂಗಡಿಯಲ್ಲಿ ಕೇಳಿದರಾಯಿತು.

ಇಷ್ಟೊಂದು ಹೇಳಲು ಕಾರಣವಿದೆ. ಬಿ12 ಕೊರತೆ ಸದ್ದಿಲ್ಲದೆ ಬರುತ್ತದೆ. ಸುಸ್ತು, ಬಾಯಿ ಹುಣ್ಣು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು, ಕೈಕಾಲಿನಲ್ಲಿ ಜುಮುಜುಮು. ಪರೀಕ್ಷೆಯ ಒತ್ತಡ ಇರಬೇಕು ಎಂದು ನಾವು ಸುಮ್ಮನಾಗುತ್ತೇವೆ. ವೀಗನ್ ಊಟದಲ್ಲಿ ಸೊಪ್ಪು, ಕಾಳು ಹೆಚ್ಚಿರುವುದರಿಂದ ಫೋಲೇಟ್ ಚೆನ್ನಾಗಿ ಸಿಗುತ್ತದೆ. ಅದು ರಕ್ತಹೀನತೆಯನ್ನು ಮರೆಮಾಚಿಬಿಡಬಹುದು, ಒಳಗೆ ನರಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಬಹಳ ತಡವಾದರೆ ಆ ಪೆಟ್ಟು ಪೂರ್ತಿ ವಾಸಿಯಾಗದೆಯೂ ಉಳಿಯಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಅವರೊಬ್ಬರಿಗೇ ನಿಲ್ಲುವ ಮಾತೂ ಅಲ್ಲ. ಅದಕ್ಕೇ ಯಾಜ್ಞಿಕರ ತಂಡ 2012ರಲ್ಲಿ, ಆ ಆರು ಹಳ್ಳಿಗಳಲ್ಲಿ ತಾವು ಹುಟ್ಟಿನಿಂದ ನೋಡುತ್ತ ಬಂದಿದ್ದ ಮಕ್ಕಳು ಹದಿಹರೆಯಕ್ಕೆ ಬಂದಾಗ, ಮದುವೆ ಮಕ್ಕಳಿಗೆ ಮೊದಲೇ ಅವರಿಗೆ ದಿನಕ್ಕೆ 2 ಮೈಕ್ರೋಗ್ರಾಂ ಬಿ12 ಕೊಡುವ ಪ್ರಯೋಗ ಆರಂಭಿಸಿತು. ಅದರ ಹೆಸರು ‘ಪ್ರಿಯಾ’. ಬರುವ ಪೀಳಿಗೆಯ ಆರೋಗ್ಯಕ್ಕೆ ಹದಿಹರೆಯದಲ್ಲೇ ತಯಾರಿ ಎಂಬ ಲೆಕ್ಕಾಚಾರ.

ಇನ್ನು ಅಡುಗೆಮನೆಗೆ ಬರೋಣ. ಇಲ್ಲಿ ನಮ್ಮವರು ಹೆದರಬೇಕಾದ್ದೇ ಇಲ್ಲ.

ಪ್ರೋಟೀನಿನಿಂದ ಶುರು ಮಾಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಮೂಲಕ ಐ.ಸಿ.ಎಂ.ಆರ್. 2020ರಲ್ಲಿ ಹೇಳಿದ ಪ್ರಕಾರ 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 46 ಗ್ರಾಂ, ಹುಡುಗನಿಗೆ 55 ಗ್ರಾಂ ಬೇಕು. ನಮ್ಮ ತಿಳಿಸಾರಿನಿಂದ ಇದು ಆಗುವ ಕೆಲಸವಲ್ಲ. ಒಂದು ಬಟ್ಟಲು ತಿಳಿಸಾರಿನಲ್ಲಿ ಬೇಳೆ ಒಂದು ಮುಷ್ಟಿಯೂ ಇರುವುದಿಲ್ಲ, ಪ್ರೋಟೀನ್ ಮೂರು ಗ್ರಾಂ ಸಿಕ್ಕರೆ ಹೆಚ್ಚು. ಆದರೆ ಎರಡು ಜೋಳದ ರೊಟ್ಟಿ, ಅಂದರೆ 100 ಗ್ರಾಂ ಹಿಟ್ಟು ಹಿಡಿದರೆ ಸುಮಾರು 10 ಗ್ರಾಂ. ದಿನದಲ್ಲಿ ಒಟ್ಟು 60 ಗ್ರಾಂ ಬೇಳೆಕಾಳು, ಗಟ್ಟಿ ತೊವ್ವೆಯೋ ಮಡಿಕೆ ಕಾಳಿನ ಉಸಳಿಯೋ ಹುರುಳಿ ಸಾರೋ ಆಗಲಿ, ಅದರಿಂದ 13-14 ಗ್ರಾಂ. ಒಂದು ಹಿಡಿ ಶೇಂಗಾದಿಂದ 10. ಸೋಯಾ ಉಂಡೆ 25 ಗ್ರಾಂ ಹಾಕಿ ಪಲ್ಯ ಮಾಡಿದರೆ ಇನ್ನೂ 12-13. ಅಲ್ಲಿಗೆ ಮಗಳ ಲೆಕ್ಕ ಚುಕ್ತಾ, ಅನ್ನ ಬೇರೆ. ಅಂದ ಹಾಗೆ, ಸೋಯಾ ಕೂಡ ಪುಣೆಗೆ ಪರಕೀಯವಲ್ಲ. ಲಾ ಕಾಲೇಜು ರಸ್ತೆಯ ಹತ್ತಿರದ ಆಘಾರ್ಕರ್ ಸಂಶೋಧನ ಸಂಸ್ಥೆಯವರು ಸೋಯಾ ಅವರೆಯ ಹಲವು ತಳಿಗಳನ್ನು ಬೆಳೆಸಿ ರೈತರಿಗೆ ಕೊಟ್ಟಿದ್ದಾರೆ.

ಹಾಲು ಹೋದರೆ ಸುಣ್ಣದ ಅಂಶ, ಕ್ಯಾಲ್ಸಿಯಂ, ಎಲ್ಲಿಂದ? ಈ ವಯಸ್ಸಿನಲ್ಲಿ ಮೂಳೆ ಕಟ್ಟುವ ಕೆಲಸ ಭರದಿಂದ ನಡೆದಿರುತ್ತದೆ, ದಿನಕ್ಕೆ 1050 ಮಿಲಿಗ್ರಾಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮಂಡಈಗೆ ಹೋದಾಗ ‘ನಾಚಣಿ’ ಎಂದು ಕೇಳಿ. ಎಳ್ಳಿನಲ್ಲಿ ನೂರು ಗ್ರಾಂಗೆ 1200ಕ್ಕಿಂತ ಹೆಚ್ಚು. ಆದರೆ ಎಳ್ಳನ್ನು ಯಾರೂ ನೂರು ಗ್ರಾಂ ತಿನ್ನುವುದಿಲ್ಲ, ಅದರಲ್ಲಿರುವುದೆಲ್ಲ ಮೈಗೆ ಹತ್ತುವುದೂ ಇಲ್ಲ. ದಿನಕ್ಕೆ ಎರಡು ಚಮಚ ಹುರಿದ ಎಳ್ಳನ್ನು ಚಟ್ನಿಪುಡಿಯಲ್ಲಿ ಸೇರಿಸಿ. ನುಗ್ಗೆ ಸೊಪ್ಪು ಒಳ್ಳೆಯದು. ಪಾಲಕ್ ಮೇಲೆ ಹೆಚ್ಚು ಭಾರ ಹಾಕಬೇಡಿ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಸಿಗುತ್ತದೆ, ಕುಡಿಯುವ ಮೊದಲು ಡಬ್ಬಿ ಚೆನ್ನಾಗಿ ಕುಲುಕಬೇಕು. ಇಲ್ಲದಿದ್ದರೆ ಸುಣ್ಣವೆಲ್ಲ ತಳದಲ್ಲಿ ಕೂತಿರುತ್ತದೆ. ಇಷ್ಟಾದರೂ ಲೆಕ್ಕ ತುಂಬದಿದ್ದರೆ ವೈದ್ಯರನ್ನು ಕೇಳಿ ಮಾತ್ರೆ.

ಕಬ್ಬಿಣದ ಅಂಶ ಹುಡುಗಿಯರಿಗೆ ಈ ವಯಸ್ಸಿನಲ್ಲಿ ದಿನಕ್ಕೆ 32 ಮಿಲಿಗ್ರಾಂ ಬೇಕು. ಹುಡುಗರಿಗೆ 26. ಇದರಲ್ಲಿ ಹಾಲಿಗೂ ನಮಗೂ ಲೇವಾದೇವಿ ಇಲ್ಲ, ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನಬಹುದು. ಕಾಳು, ಸೊಪ್ಪು, ಸಜ್ಜೆ ರೊಟ್ಟಿ ತಿನ್ನುವಾಗ ಮೇಲೆ ನಿಂಬೆಹಣ್ಣು ಹಿಂಡಿ, ಊಟದ ಜೊತೆ ಚಹಾ ಬೇಡ. ಪುಣೇಕರರು ಪೋಹೆಯ ಮೇಲೆ ನಿಂಬೆ ಹಿಂಡುವುದು ಬರೀ ರುಚಿಗಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ. ಮೀನು ತಿನ್ನದವರಿಗೆ ಬೇಕಾದ ಒಳ್ಳೆಯ ಕೊಬ್ಬು ಅಗಸಿ ಚಟ್ನಿಯಲ್ಲಿದೆ. ಮರಾಠಿಯಲ್ಲಿ ಅದೇ ‘ಜವಸ’. ಅಗಸಿ, ಗುರೆಳ್ಳು, ಶೇಂಗಾ ಚಟ್ನಿಗಳ ಮೂರು ಡಬ್ಬಿ ಇರುವ ಉತ್ತರ ಕರ್ನಾಟಕದ ಮನೆಯಲ್ಲಿ ವೀಗನ್ ಊಟ ಅರ್ಧ ತಯಾರಾಗಿಯೇ ಇದೆ.

ಹೊರಗೆ ತಿನ್ನುವ ಮಕ್ಕಳೇ, ನಿಮಗೆ ಒಂದು ಮಾತು. ಮಿಸಳ, ಥಾಲಿಪೀಠ, ಝುಣಕಾ ಭಾಕರಿ, ಇವನ್ನು ಬೆಣ್ಣೆ ಮೊಸರು ಇಲ್ಲದೆ ಕೇಳಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪಾವಭಾಜಿಯವನಿಗೆ ತವಾ ಮೇಲೆ ಬೆಣ್ಣೆ ಬೀಳುವ ಮೊದಲೇ ಹೇಳಬೇಕು. ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನೋಡಿ ಮೋಸ ಹೋಗಬೇಡಿ, ಹಾಲಿನ ಪುಡಿ ಇದ್ದರೂ ಅದು ಹಸಿರೇ. ವೀಗನ್ ಆಹಾರಕ್ಕೆ 2022ರ ಸರಕಾರಿ ನಿಯಮದಂತೆ ಹಸಿರು ‘ವಿ’ ಅಕ್ಷರದ ಬೇರೆ ಗುರುತೇ ಇದೆ. ಆದರೆ ಆಲೂ ಚಿಪ್ಸ್, ಕೋಲಾ ಕೂಡ ವೀಗನ್ನೇ! ಅವನ್ನೇ ತಿಂದುಕೊಂಡು "ನಾನು ಪ್ರಾಣಿಗಳಿಗಾಗಿ ಬದುಕುತ್ತಿದ್ದೇನೆ" ಎಂದರೆ ನಿಮ್ಮ ಅಮ್ಮ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ತಂದೆತಾಯಿಗಳಿಗೆ ಇನ್ನೊಂದು ಸೂಕ್ಷ್ಮ ವಿಷಯ. ಮಗು ಹಾಲು ಬಿಟ್ಟಿತು, ಆಮೇಲೆ ಎಣ್ಣೆ ಬಿಟ್ಟಿತು, ಆಮೇಲೆ ಅನ್ನ ಬಿಟ್ಟಿತು. ತೂಕ ಇಳಿಯುತ್ತಿದೆ, ಮುಟ್ಟು ನಿಂತಿದೆ, ಎಲ್ಲರೊಡನೆ ಕೂತು ಉಣ್ಣಲು ಒಲ್ಲೆ ಅನ್ನುತ್ತಿದೆ. ಹೀಗಾದರೆ ಅದು ಹಸುವಿನ ಮೇಲಿನ ಕರುಣೆಯಲ್ಲ, ತೆಳ್ಳಗಾಗುವ ಭ್ರಮೆ ವೀಗನ್ ಹೆಸರಿನ ಹಿಂದೆ ಅಡಗಿರಬಹುದು. ಬಯ್ಯದೆ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.

ತಜ್ಞರು ಎಲ್ಲರೂ ಒಂದೇ ಮಾತು ಹೇಳುತ್ತಾರೆಯೇ? ಇಲ್ಲ. ಅಮೆರಿಕದ ಆಹಾರತಜ್ಞರ ಅಕಾಡೆಮಿ 2016ರಲ್ಲಿ, ಸರಿಯಾಗಿ ಯೋಜಿಸಿದ ವೀಗನ್ ಆಹಾರ ಹದಿಹರೆಯದವರಿಗೂ ಆಗಬಹುದು ಎಂದಿತು. ಜರ್ಮನಿಯ ಪೋಷಣ ಸಂಘ ಅದೇ ವರ್ಷ ಮಕ್ಕಳಿಗೆ, ಹದಿಹರೆಯದವರಿಗೆ ಬೇಡ ಎಂದಿತ್ತು. 2024ರಲ್ಲಿ ಮಾತು ಸಡಿಲಿಸಿ, ಬೇಕು ಎನ್ನಲೂ ಬೇಡ ಎನ್ನಲೂ ಸಾಕಷ್ಟು ಆಧಾರವಿಲ್ಲ ಎಂದಿತು. ಬಿ12 ಮಾತ್ರೆ ಬಿಡಬಾರದು ಎಂಬಲ್ಲಿ ಮಾತ್ರ ಇಬ್ಬರಲ್ಲೂ ಜಗಳವಿಲ್ಲ.

ಕೊತ್ರೂಡಿನ ಆ ಮನೆಯಲ್ಲಿ ಕೊನೆಗೆ ಒಂದು ಒಪ್ಪಂದ ಆಯಿತು. ಮಗಳ ಮೊಸರಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ಮಗಳು ಮಾತ್ರೆ ತಪ್ಪಿಸುವುದಿಲ್ಲ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮೊದಲ ಪರೀಕ್ಷೆಯ ದಿನ ಅಮ್ಮನೂ ಜೊತೆಗೆ ರಕ್ತ ಕೊಟ್ಟರು. ವರದಿ ಬಂದಾಗ ನೋಡಿದರೆ, ದಿನಾ ಎರಡು ಹೊತ್ತು ಮೊಸರು ಉಣ್ಣುವ ಅಮ್ಮನ ಬಿ12 ಮಗಳಿಗಿಂತ ಕಡಿಮೆ! ಈಗ ಬೆಳಿಗ್ಗೆ ಇಬ್ಬರಿಗೂ ಮಾತ್ರೆ ನೆನಪಿಸುವ ಕೆಲಸ ಅಜ್ಜಿಯದು.