ತಲೆ ಎಣಿಸುವ ಜಾಗ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಪಂಡಿತರು ನಿಲ್ಲಬೇಕಾದ ಈ ಜಾಗದಲ್ಲಿ, ಮೆಟ್ರಿಕ್ ಮುಗಿಸಿ ಸೆಣಬಿನ ಗಿರಣಿಯಲ್ಲಿ ಹಾಜರಿ ಬರೆಯುವ ನಮ್ಮನ್ನು ನಿಲ್ಲಿಸಿದ್ದೀರಿ. ನಮಗೆ ಬಂದ ವಿದ್ಯೆ ತಲೆ ಎಣಿಸುವುದೊಂದೇ. ಆದುದರಿಂದ ಚುನಾವಣೆ ಮುಗಿದ ಮೇಲೆ ಶಾಸಕರ ತಲೆ ಎಣಿಸುವ ಸಂಗತಿಯನ್ನೇ ಆರಿಸಿಕೊಂಡಿದ್ದೇವೆ.

ಅನ್ನ ಕೊಟ್ಟ ಈ ಬಂಗಾಳದಿಂದಲೇ ತೊಡಗೋಣ. 1967ರ ಫೆಬ್ರವರಿಯ ಚುನಾವಣೆಯಲ್ಲಿ 280 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ದೊರೆತದ್ದು 127. ಅಕ್ಕಿಯ ಅಭಾವದಿಂದ ಜನ ಬೇಸತ್ತಿದ್ದ ಕಾಲ. ಮುಖ್ಯಮಂತ್ರಿ ಪ್ರಫುಲ್ಲಚಂದ್ರ ಸೇನರೇ ಆರಾಮಬಾಗಿನಲ್ಲಿ ಅಜಯ ಮುಖರ್ಜಿಯವರೆದುರು ಸೋತರು. ಉಳಿದ ಪಕ್ಷಗಳು ಕೂಡಿ ಸಂಯುಕ್ತ ರಂಗವಾಯಿತು; ಅಜಯಬಾಬು ಮುಖ್ಯಮಂತ್ರಿ, ಜ್ಯೋತಿಬಾಬು ಉಪಮುಖ್ಯಮಂತ್ರಿ.

ನವೆಂಬರಿನಲ್ಲಿ ಮಂತ್ರಿ ಪ್ರಫುಲ್ಲಚಂದ್ರ ಘೋಷರು ಕೆಲವು ಸದಸ್ಯರೊಡನೆ ಹೊರಬಿದ್ದರು. ಬೇಗ ಸಭೆ ಕರೆಯಿರೆಂದು ರಾಜ್ಯಪಾಲ ಧರ್ಮವೀರರು ಹೇಳಿದರೆ ಮಂತ್ರಿಮಂಡಲ ಡಿಸೆಂಬರ್ 18 ಎಂದಿತು. ಬಹುಮತವಿದ್ದವರಿಗೆ ಅಷ್ಟು ಸಾವಕಾಶವೇಕೆ? ನಮಗಂತೂ ಅದು ಒಪ್ಪಿಗೆಯಾಗದು. ಆದರೆ ರಾಜ್ಯಪಾಲರು ಕಾಯಲೇ ಇಲ್ಲ. ನವೆಂಬರ್ 21ರಂದು ಮಂತ್ರಿಮಂಡಲವನ್ನು ವಜಾ ಮಾಡಿ ಘೋಷರಿಗೆ ಪ್ರಮಾಣವಚನ ಬೋಧಿಸಿಬಿಟ್ಟರು. 29ರಂದು ಸಭೆ ಸೇರಿದಾಗ ಸಭಾಧ್ಯಕ್ಷ ಬಿಜಯಕುಮಾರ ಬ್ಯಾನರ್ಜಿಯವರು, ಈ ವಜಾ ಸಂವಿಧಾನಕ್ಕೆ ಒಪ್ಪುವುದಲ್ಲವೆಂದು ಸಾರಿ ಸಭೆಯನ್ನೇ ಮುಂದೂಡಿದರು. ಒಬ್ಬರು ತಡಮಾಡಿದರು, ಒಬ್ಬರು ಅವಸರಪಟ್ಟರು, ಮತ್ತೊಬ್ಬರು ಬಾಗಿಲೆಳೆದರು. ತಲೆ ಎಣಿಸಿದವರು ಮಾತ್ರ ಯಾರೂ ಇಲ್ಲ!

1968ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಮರುವರ್ಷ ಮತದಾರರೇ ಎಣಿಸಿದರು: ಸಂಯುಕ್ತ ರಂಗಕ್ಕೆ 214, ಕಾಂಗ್ರೆಸ್ಸಿಗೆ 55. ಹೊಸ ಸಭೆಯಲ್ಲಿ ರಾಜ್ಯಪಾಲರು ಓದಬೇಕಾದ ಭಾಷಣದಲ್ಲಿ ಹಿಂದಿನ ವಜಾವನ್ನು ಖಂಡಿಸುವ ಮಾತುಗಳಿದ್ದವು. ಬರೆದುಕೊಟ್ಟವರು ಮಂತ್ರಿಗಳು, ವಜಾ ಮಾಡಿದವರು ಓದುವವರು! ಧರ್ಮವೀರರು ಆ ಭಾಗವನ್ನು ಬಿಟ್ಟು ಮುಂದಕ್ಕೆ ಓದಿದರು. ಅದೇ ವರ್ಷ ಅವರು ನಮ್ಮ ಮೈಸೂರಿಗೇ ರಾಜ್ಯಪಾಲರಾಗಿ ಹೋದರೆಂಬುದು ಎಷ್ಟು ಮಂದಿಗೆ ನೆನಪಿದೆಯೋ.

ಇನ್ನು ತೌರಿನ ಮಾತು. 1989ರ ಏಪ್ರಿಲಿನಲ್ಲಿ ಬೊಮ್ಮಾಯಿಯವರ ಪಕ್ಷ ಬಿಟ್ಟ ಸದಸ್ಯರೊಬ್ಬರು, ಬೆಂಬಲ ಹಿಂತೆಗೆದ 19 ಮಂದಿಯ ಪತ್ರಗಳನ್ನು ರಾಜ್ಯಪಾಲ ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. ಅವರಲ್ಲಿ ಏಳು ಮಂದಿ, ತಪ್ಪು ತಿಳಿಸಿ ಸಹಿ ಪಡೆದರೆಂದು ಮರಳಿ ಬರೆದರು. ಸಭೆ ಕರೆಯಿರಿ, ಅಲ್ಲಿ ತೋರಿಸುತ್ತೇನೆಂದು ಬೊಮ್ಮಾಯಿಯವರು ಕೇಳಿಕೊಂಡರು. ಕೇಳಲಿಲ್ಲ, 21ರಂದು ಸರಕಾರ ಹೋಯಿತು. ಗಿರಣಿಯಲ್ಲಿ ಸರದಾರನೊಬ್ಬ ಬಂದು 'ನನ್ನ ಹತ್ತೊಂಬತ್ತು ಆಳು ಬಂದಿದ್ದಾರೆ' ಎಂದು ಚೀಟಿ ಕೊಟ್ಟರೆ ನಾವು ಹಾಜರಿ ಹಾಕುವೆವೇ? ಗೇಟಿನಲ್ಲಿ ಮುಖ ನೋಡಬೇಕು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಹೇಳಿದ್ದೂ ಇದನ್ನೇ: ಬಹುಮತದ ಪರೀಕ್ಷೆ ಶಾಸನಸಭೆಯಲ್ಲೇ ಆಗತಕ್ಕದ್ದು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ, ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.

ಜರ್ಮನಿಯ ತೂರಿಂಗಿಯಾ ರಾಜ್ಯದಲ್ಲಿ ರಾಜ್ಯಪಾಲರೇ ಇಲ್ಲ. ಸದಸ್ಯರೇ ಗುಪ್ತಮತದಿಂದ ಮುಖ್ಯಮಂತ್ರಿಯನ್ನು ಆರಿಸುತ್ತಾರೆ. 2020ರ ಫೆಬ್ರವರಿ 5ರಂದು ಅಲ್ಲಿ ಐದೇ ಸದಸ್ಯರ ಪಕ್ಷದ ಕೆಮ್ಮರಿಷ್ ಎಂಬವರು, ಉಗ್ರ ಬಲಪಂಥದವರ ಮತವೂ ಸೇರಿ, 45ಕ್ಕೆ 44ರಿಂದ ಗೆದ್ದರು. ದೇಶವೆಲ್ಲ ಛೀಮಾರಿ ಹಾಕಿತು, ಮರುದಿನವೇ ಬಿಡುತ್ತೇನೆಂದರು. ಎಣಿಕೆ ಸರಿಯಿದ್ದರೂ ಎಣಿಸಿಕೊಂಡವರಿಗೆ ಮುಖ ಉಳಿಯಲಿಲ್ಲ.

2018ರಲ್ಲಿ ಕರ್ನಾಟಕದಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜನತಾದಳ 37. ಮೇ 17ರಂದು ಯಡಿಯೂರಪ್ಪನವರು ಪ್ರಮಾಣ ತೆಗೆದುಕೊಂಡರು, ಬಹುಮತ ತೋರಿಸಲು ರಾಜ್ಯಪಾಲರು ಹದಿನೈದು ದಿನ ಕೊಟ್ಟರು. ಕೋರ್ಟು 19ಕ್ಕೇ ಎಣಿಸಿರೆಂದಿತು. ಎಣಿಕೆಗೆ ಮೊದಲೇ ಅವರು ರಾಜೀನಾಮೆ ಕೊಟ್ಟರು. ಬಳಿಕ ಬಂದ ಕುಮಾರಸ್ವಾಮಿಯವರು 2019ರ ಜುಲೈ 23ರಂದು 99ಕ್ಕೆ 105ರಿಂದ ಸೋತರು, ಆದರೆ ಸೋತದ್ದು ಸಭೆಯಲ್ಲಿ.